ಗೋಲ್ ಆಗಿದ್ದು ಆಳಂದದ ಚಹಾ ಹೋಟೆಲಿನಲ್ಲಿ

ನಿರೂಪಕಿ ಅಪರ್ಣಾ ತೀರಿಕೊಂಡದ್ದು 2024ರ ಜುಲೈ 11ರಂದು. ಮರುದಿನ ಬೆಳಿಗ್ಗೆ ಬೆಂಗಳೂರಿನ ಮೆಟ್ರೋದಲ್ಲಿ ಆಫೀಸಿಗೆ ಹೊರಟವರಿಗೆಲ್ಲ ಅದೇ ದನಿ ಮುಂದಿನ ನಿಲ್ದಾಣದ ಹೆಸರು ಹೇಳಿತು. ಕೈಯಲ್ಲಿದ್ದ ಫೋನಿನಲ್ಲಿ ಅವರ ಸಾವಿನ ಸುದ್ದಿ, ತಲೆಯ ಮೇಲಿನ ಸ್ಪೀಕರಿನಲ್ಲಿ ಅವರ ದನಿ. ನಿಮಗೂ ಆಗ ಹೊಟ್ಟೆಯಲ್ಲಿ ಏನೋ ಒಂಥರಾ ಆಗಿರಬೇಕು. ಎದುರಿಗೆ ಕೂತು ಒಂದು ದಿನವೂ ಮಾತಾಡದ ಮನುಷ್ಯರು ಬರೀ ದನಿಯಿಂದ ನಮ್ಮವರಾಗಿಬಿಟ್ಟಿರುತ್ತಾರೆ. ಹೋದಾಗ ಯಾರ ಮನೆಗೆ ಹೋಗಿ ಅಳಬೇಕು ಅಂತ ಗೊತ್ತಾಗುವುದಿಲ್ಲ.

ನಮ್ಮ ಮನೆಯ ಹಿರಿಯರಿಗೆ ಈ ಸಂಕಟ ಆರು ವರ್ಷ ಮೊದಲೇ ಆಗಿತ್ತು. 2018ರ ಸೆಪ್ಟೆಂಬರ್ 25ರಂದು ದಿಲ್ಲಿಯಲ್ಲಿ ಜಸ್‌ದೇವ್ ಸಿಂಗ್ ತೀರಿಕೊಂಡರು. 87 ವರ್ಷ. ಅವತ್ತು ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಹೂವುಗಳ ನಡುವೆ ಜೇವರ್ಗಿಯ ಮಾಮಾ ಒಂದೇ ಸಾಲು ಹಾಕಿದ್ದರು: "ನಮ್ ಹಾಕಿ ಜಸ್‌ದೇವ್ ಹೋದ್ರು." ನನ್ನ ವಯಸ್ಸಿನ ಕಸಿನ್‌ಗಳೆಲ್ಲ ಅವರು ಆಟಗಾರ ಅಂದುಕೊಂಡರು. ಒಬ್ಬಳು ಯಾವ ಪೊಸಿಷನ್ ಅಂತಲೂ ಕೇಳಿದಳು.

ಅವರು ಆಡಿದವರಲ್ಲ, ಹೇಳಿದವರು. ಹುಟ್ಟಿದ್ದು 1931ರಲ್ಲಿ, ರಾಜಸ್ಥಾನದಲ್ಲಿ. 1948ರಲ್ಲಿ ಗಾಂಧೀಜಿಯ ಅಂತಿಮ ಯಾತ್ರೆಯನ್ನು ಮೆಲ್ವಿಲ್ ಡಿ ಮೆಲ್ಲೊ ಇಂಗ್ಲಿಷಿನಲ್ಲಿ ಗಂಟೆಗಟ್ಟಲೆ ವರ್ಣಿಸಿದ್ದನ್ನು ರೇಡಿಯೊದಲ್ಲಿ ಕೇಳಿದ ಹುಡುಗ, ತಾನು ಇದನ್ನೇ ಹಿಂದಿಯಲ್ಲಿ ಮಾಡುತ್ತೇನೆ ಅಂತ ತಾಯಿಗೆ ಹೇಳಿದನಂತೆ. 1955ರಲ್ಲಿ ಜೈಪುರ ಆಕಾಶವಾಣಿ ಸೇರಿದರು, 1963ರಲ್ಲಿ ದಿಲ್ಲಿಗೆ ಬಂದರು. ಆಮೇಲೆ ಜನವರಿ 26 ಮತ್ತು ಆಗಸ್ಟ್ 15 ಅಂದರೆ ಅವರದೇ ದನಿ. ಒಂಬತ್ತು ಒಲಿಂಪಿಕ್ಸ್, ಎಂಟು ಹಾಕಿ ವಿಶ್ವಕಪ್, ಆರು ಏಷ್ಯನ್ ಗೇಮ್ಸ್. 1985ರಲ್ಲಿ ಪದ್ಮಶ್ರೀ, 2008ರಲ್ಲಿ ಪದ್ಮಭೂಷಣ. ಇಷ್ಟನ್ನು ನೀವು ಫೋನಿನಲ್ಲೇ ಹುಡುಕಿ ಓದಬಹುದು. ಅಲ್ಲಿ ಸಿಗದ ಸಂಗತಿ ಬೇರೆ ಇದೆ: ಇಂಥ ಹಿಂದಿ ಕಾಮೆಂಟೇಟರ್ ಆಳಂದ, ಅಫಜಲಪುರ, ಜೇವರ್ಗಿಯ ಕನ್ನಡದ ಮಂದಿಗೆ ಇಷ್ಟು ಹತ್ತಿರದವರಾದದ್ದು ಹೇಗೆ?

ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ಈ ಮೂರು ತಾಲ್ಲೂಕುಗಳೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ, ಕಲಬುರಗಿ ಸೀಮೆ ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಅದಕ್ಕೂ ಮೊದಲು ಇಲ್ಲಿ ಕಚೇರಿಯ ಭಾಷೆ ಉರ್ದು, ಶಾಲೆಯಲ್ಲೂ ಉರ್ದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ, ಸ್ಲೇಟಿನ ಮೇಲೆ ಅಲಿಫ್-ಬೇ. ನನ್ನ ಮುತ್ಯಾ ಕಲಿತದ್ದು ಹಾಗೆ. ಮೈಸೂರು ಕಡೆಯ ಗೆಳೆಯರಿಗೆ ಇದನ್ನು ಹೇಳಿದರೆ ಈಗಲೂ ಹುಬ್ಬೇರಿಸುತ್ತಾರೆ. ಲಿಂಗದಕಾಯಿ ಕಟ್ಟಿಕೊಂಡ ಮುದುಕ ಉರ್ದು ಪತ್ರಿಕೆ ಓದುವುದು ಅವರಿಗೆ ವಿಚಿತ್ರ. ನಮ್ಮ ಓಣಿಯಲ್ಲಿ ಅಂಥವರು ಮನೆಗೊಬ್ಬರಿದ್ದರು.

ಮುತ್ಯಾ ತಹಸೀಲ್ ಕಚೇರಿಯ ಹೊರಗೆ ಗಿಡದ ಕೆಳಗೆ ಕೂತು ದರಖಾಸ್ತು ಬರೆದುಕೊಡುತ್ತಿದ್ದ. ಒಳ್ಳೆಯ ಅಕ್ಷರವಂತೆ. ರೈತರು ಹಳ್ಳಿಯಿಂದ ಜೋಳದ ಚೀಲ ಹೊತ್ತು ಬಂದು ಕಾಯುತ್ತಿದ್ದರಂತೆ. ಆಮೇಲೆ ಕಚೇರಿಯ ಭಾಷೆ ಕನ್ನಡವಾಯಿತು. ಆಗಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಹಳ್ಳಿಯ ರೈತನಿಗೆ ತನ್ನ ಹೊಲದ ಕಾಗದ ತನ್ನ ಭಾಷೆಯಲ್ಲಿ ಸಿಕ್ಕಿತು. ಆದರೆ ಗಿಡದ ಕೆಳಗೆ ಕೂತ ಮನುಷ್ಯ ಮೂವತ್ತು ದಾಟಿದ ಮೇಲೆ ಒಮ್ಮೆಲೇ ಅನಕ್ಷರಸ್ಥನಾದ. ಮಾತಾಡುವ ಕನ್ನಡ ಬಾಯಿತುಂಬ ಇತ್ತು, ಕೈಗೆ ಬರೆಯಲು ಬರುತ್ತಿರಲಿಲ್ಲ. ಕೊನೆಗೆ ತೊಗರಿ ಅಡತಿ ಅಂಗಡಿಯಲ್ಲಿ ಚೀಲ ಎಣಿಸುವ ಕೆಲಸಕ್ಕೆ ಸೇರಿದ. ಸಣ್ಣ ಹುಡುಗರು ಲೆಕ್ಕದ ಪುಸ್ತಕ ಬರೆಯುತ್ತಿದ್ದರು, ಈತ ಪಕ್ಕದಲ್ಲಿ ನಿಂತು ಸಂಖ್ಯೆ ಕೂಗುತ್ತಿದ್ದ. ಈ ಬಗ್ಗೆ ಮುತ್ಯಾ ಮನೆಯಲ್ಲಿ ಒಂದು ಮಾತೂ ಆಡಿದ್ದಿಲ್ಲ ಅಂತ ಅಪ್ಪ ಹೇಳುತ್ತಾರೆ.

ಆ ಅಂಗಡಿಯ ಎದುರಿಗೆ ಒಂದು ಚಹಾ ಹೋಟೆಲ್. ಸುಸಲಾ, ಮಿರ್ಚಿ ಭಜಿ, ಮತ್ತು ಗಲ್ಲೆಯ ಮೇಲೆ ಬಟ್ಟೆ ಹೊದಿಸಿದ ಒಂದು ರೇಡಿಯೊ. ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಫೀ ಕಟ್ಟಿ ರೇಡಿಯೊ ಇಟ್ಟುಕೊಳ್ಳುವ ಕಾಲ. ಮ್ಯಾಚ್ ಇದ್ದ ದಿನ ಮೂವತ್ತು-ನಲವತ್ತು ಮಂದಿ. ಸಂತೆಯ ದಖನಿ ಎಲ್ಲರಿಗೂ ಬರುತ್ತಿತ್ತು, ನಿಜ. ಆದರೆ "ಕ್ಯಾ ಭಾವ್" ಅಂತ ಕೇಳುವುದು ಬೇರೆ, ಚೆಂಡಿನ ಹಿಂದೆ ಓಡುವ ಜಸ್‌ದೇವ್ ಸಿಂಗರ ಹಿಂದಿಯನ್ನು ಹಿಡಿಯುವುದು ಬೇರೆ.

ಹಾಕಿ ಕಾಮೆಂಟರಿ ಎಷ್ಟು ಕಷ್ಟ ಅಂತ ಒಮ್ಮೆ ಯೋಚಿಸಿ. ಕ್ರಿಕೆಟ್ಟಿನಲ್ಲಿ ಬೌಲರ್ ಮತ್ತೆ ಓಡಿ ಬರುವತನಕ ಸಮಯ ಇರುತ್ತದೆ. ಮೋಡ, ಪಾರಿವಾಳ, ಹಳೆಯ ಸ್ಕೋರು, ಏನನ್ನಾದರೂ ಹೇಳಬಹುದು. ಹಾಕಿಯಲ್ಲಿ ಒಬ್ಬನ ಹೆಸರು ಹೇಳಿ ಮುಗಿಸುವುದರೊಳಗೆ ಚೆಂಡು ಮೂರನೆಯವನ ಕೋಲಿಗೆ ಹೋಗಿರುತ್ತದೆ. ಕೇಳುವವನಿಗೆ ಮೈದಾನದ ಯಾವ ಮೂಲೆ, ಯಾರ ಹತ್ತಿರ, ಯಾವ ಕಡೆಗೆ ಎಂಬ ಮೂರನ್ನೂ ಒಂದೇ ಉಸಿರಿನಲ್ಲಿ ಕೊಡಬೇಕು. ಜಸ್‌ದೇವ್ ಸಿಂಗರ ದನಿ ಚೆಂಡಿನಷ್ಟೇ ವೇಗವಾಗಿ ಓಡುತ್ತಿತ್ತು, ಗೋಲಿನ ಹತ್ತಿರ ಬಂದಂತೆ ಮೇಲೇರುತ್ತಿತ್ತು. ಭಾಷೆ ಉರ್ದು ಬೆರೆತ ಹಿಂದಿ. ಹೋಟೆಲಿನಲ್ಲಿದ್ದ ಅಷ್ಟು ಮಂದಿಯಲ್ಲಿ ಅದರ ಒಂದೊಂದು ಪದವನ್ನೂ ಹಿಡಿಯಬಲ್ಲವನು ಚೀಲ ಎಣಿಸುವ ನಮ್ಮ ಮುತ್ಯಾ.

ಹಾಗಾಗಿ ರೇಡಿಯೊ ಪಕ್ಕದ ಸ್ಟೂಲು ಆತನದಾಯಿತು. ಮಾಲೀಕರೇ ಕರೆದು ಕೂರಿಸುತ್ತಿದ್ದರಂತೆ, ಚಹಾ ಫ್ರೀ. ಕಿವಿ ರೇಡಿಯೊಗೆ, ಮುಖ ಮಂದಿಗೆ. ಜಸ್‌ದೇವ್ ಅಲ್ಲಿ ಹೇಳಿದ್ದನ್ನು ಈತ ಇಲ್ಲಿ ಕನ್ನಡದಲ್ಲಿ ಕೂಗಬೇಕು. ಆಗ ಆಳಂದದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಜೇವರ್ಗಿಯ ಮಾಮಾ ಹೇಳುವಂತೆ, ಒಂದು ಗೋಲಿಗೆ ಎರಡು ಸಲ ಚಪ್ಪಾಳೆ ಬೀಳುತ್ತಿತ್ತು. ಹಿಂದಿ ತಿಳಿದ ನಾಲ್ಕು ಮಂದಿಯದು ಮೊದಲು, ಮುತ್ಯಾನ ಕನ್ನಡ ಮುಟ್ಟಿದ ಮೇಲೆ ಉಳಿದವರದು.

1975ರ ಮಾರ್ಚ್. ಕೌಲಾಲಂಪುರದಲ್ಲಿ ವಿಶ್ವಕಪ್. ಸೆಮಿಫೈನಲ್ಲಿನಲ್ಲಿ ಮಲೇಷ್ಯಾ ಮುಂದಿತ್ತು, ಆಟ ಮುಗಿಯಲು ಕೆಲವೇ ನಿಮಿಷ. ಬದಲಿ ಆಟಗಾರನಾಗಿ ಇಳಿದ ಅಸ್ಲಮ್ ಶೇರ್ ಖಾನ್ ಪೆನಾಲ್ಟಿ ಕಾರ್ನರ್‌ನಲ್ಲಿ ಸಮ ಮಾಡಿದರು, ಹೆಚ್ಚುವರಿ ಸಮಯದಲ್ಲಿ ಹರ್‌ಚರಣ್ ಸಿಂಗ್ ಗೆಲ್ಲಿಸಿದರು. ಅಸ್ಲಮ್ ಹೊಡೆಯುವ ಮೊದಲು ಕೊರಳಿನ ತಾಯತಕ್ಕೆ ಮುತ್ತಿಟ್ಟರು ಅನ್ನುವ ಮಾತು ಆಮೇಲೆ ದೇಶದ ತುಂಬ ಹರಡಿತು. ಲಾಡ್ಲೆ ಮಶಾಕ್ ದರ್ಗಾ ಇರುವ ಆಳಂದಕ್ಕೆ ತಾಯತದ ಮಹಿಮೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಮರುದಿನ ಅಡತಿ ಅಂಗಡಿಯ ಹಮಾಲರೆಲ್ಲ ಅಸ್ಲಮ್‌ನನ್ನು ತಮ್ಮ ಓಣಿಯವನೇ ಅನ್ನುವಂತೆ ಮಾತಾಡುತ್ತಿದ್ದರಂತೆ.

ಮಾರ್ಚ್ 15, ಶನಿವಾರ, ಪಾಕಿಸ್ತಾನದ ಜೊತೆ ಫೈನಲ್. ಅವರದು ಮೊದಲ ಗೋಲ್. ಸುರ್ಜಿತ್ ಸಿಂಗ್ ಸಮ ಮಾಡಿದರು. ನಮ್ಮ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದರು, ಆ ಹೆಸರು ಬಂದಾಗೆಲ್ಲ ಮುತ್ಯಾ ದನಿ ಎತ್ತರಿಸಿ "ನಮ್ ಕರ್ನಾಟಕದಂವ" ಅಂತ ಸೇರಿಸುತ್ತಿದ್ದನಂತೆ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಆಮೇಲೆ ಧ್ಯಾನ್‌ಚಂದರ ಮಗ ಅಶೋಕ್ ಕುಮಾರ್ ಹೊಡೆದರು. ಚೆಂಡು ಗೋಲಿನ ಕಂಬಕ್ಕೆ ಬಡಿದು ಹೊರಗೆ ಪುಟಿಯಿತು. ಒಳಗೆ ಹೋಗಿ ಬಂತೋ, ಹೋಗಲೇ ಇಲ್ಲವೋ? ಪಾಕಿಸ್ತಾನದ ಆಟಗಾರರು ಅಂಪೈರ್ ಜೊತೆ ವಾದಕ್ಕೆ ನಿಂತರು.

ಆಗ ಹೋಟೆಲಿನಲ್ಲಿ ಏನಾಯಿತು ಅನ್ನುವುದನ್ನು ನಾನು ಕಡಿಮೆಯೆಂದರೂ ಹತ್ತು ಸಲ ಕೇಳಿದ್ದೇನೆ. ಮುತ್ಯಾ ಬಾಯಿ ಮುಚ್ಚಿ ಕೈ ಎತ್ತಿ ನಿಂತುಬಿಟ್ಟ. "ಏನಾತ್ರಿ? ಏನಂದ?" ಅಂತ ನಲವತ್ತು ಮಂದಿ. ಈತ ತುಟಿ ಬಿಚ್ಚಲಿಲ್ಲ. ಹಿಂದಿ ಬಲ್ಲವರೂ ಆ ಗದ್ದಲದಲ್ಲಿ ಕೇಳಿಸದೆ ಈತನ ಮುಖವನ್ನೇ ನೋಡುತ್ತಿದ್ದರು. ಅಂಪೈರ್ ಗೋಲ್ ಕೊಟ್ಟರು. ಮುತ್ಯಾನ ಕೈ ಕೆಳಗಿಳಿಯಿತು. "ಕೊಟ್ಟಾನ್ರೋ!" ಅವತ್ತು ಮಾತ್ರ ಚಪ್ಪಾಳೆ ಒಂದೇ ಸಲ ಬಿತ್ತು. 2-1. ವಿಶ್ವಕಪ್ ಭಾರತಕ್ಕೆ ಬಂದದ್ದು ಅದೇ ಮೊದಲು.

ಅದೇ ವರ್ಷ ಆಗಸ್ಟ್ 1ರಂದು ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ 'ಸೈಟ್' ಪ್ರಯೋಗ ಶುರುವಾಯಿತು. ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ನಮ್ಮ ರಾಜ್ಯದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಅಂದರೆ ಬೆಂಗಳೂರಿಗಿಂತ ಮೊದಲು ನಮ್ಮ ಭಾಗದ ಹಳ್ಳಿಯವರು ಟಿವಿ ನೋಡಿದರು, ಬೇಕಾದರೆ ಆಫೀಸಿನಲ್ಲಿ ಹೇಳಿ ಪಂದ್ಯ ಕಟ್ಟಿ. ಅದರಲ್ಲಿ ಬರುತ್ತಿದ್ದದ್ದು ಬೇಸಾಯ, ಆರೋಗ್ಯ, ಮಕ್ಕಳ ಕಾರ್ಯಕ್ರಮ. ಹಾಕಿಗೆ ಇನ್ನೂ ಬಹಳ ದಿನ ರೇಡಿಯೊ, ಜಸ್‌ದೇವ್ ಮತ್ತು ಮುತ್ಯಾನೇ ಗತಿ.

ಮುತ್ಯಾ 2009ರಲ್ಲಿ ಹೋದ. ಜಸ್‌ದೇವ್ ಸಿಂಗ್ ಹೋದ ಸುದ್ದಿಯನ್ನು ಗ್ರೂಪಿನಲ್ಲಿ ಬಿಡಿಸಿ ಹೇಳಲು ಆತ ಇರಲಿಲ್ಲ. ಅಂದಿನ ಕ್ರೀಡಾ ಸಚಿವ ರಾಜ್ಯವರ್ಧನ ಸಿಂಗ್ ರಾಥೋಡ್ ಶ್ರದ್ಧಾಂಜಲಿ ಹೇಳಿದ ಸುದ್ದಿಯನ್ನು ಯಾರೋ ಹಾಕಿದರು. ನಾನು ಇಂಟರ್ನೆಟ್ಟಿನಲ್ಲಿ ಸಿಕ್ಕ ಅವರ ಹಳೆಯ ಕಾಮೆಂಟರಿಯ ಒಂದು ತುಣುಕು ಕಳಿಸಿದೆ. ಅಫಜಲಪುರದ ಕಾಕಾ, ಮುತ್ಯಾನ ಜೊತೆ ಅದೇ ಅಡತಿಯಲ್ಲಿ ಹುಡುಗನಾಗಿ ಕೆಲಸ ಮಾಡಿದವರು, ಅದನ್ನು ಕೇಳಿ ನನಗೆ ಫೋನ್ ಮಾಡಿದರು.

"ತಮ್ಮಾ, ಇದು ಜಸ್‌ದೇವ್ ದನಿ ಅಲ್ಲೋ."

"ಅವರದೇ ಕಾಕಾ, ಹೆಸರು ಅದ ನೋಡ್ರಿ."

"ಅಲ್ಲಪಾ. ನಾ ಎಷ್ಟ್ ವರ್ಷ ಕೇಳೀನಿ. ಅಂವ ಹಿಂದಿ ಮಾತಾಡಿದ್ದು ನನಗ ನೆನಪೇ ಇಲ್ಲ."

ನಾನು ನಕ್ಕೆ. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ನಾ ಇಷ್ಟ್ ದಿನ ನೆನೆಸಿದ್ದು ನಿಮ್ ಮುತ್ಯಾನ ದನಿ ಇರಬೇಕು" ಅಂದು ಫೋನ್ ಇಟ್ಟರು.

ಆ ಮಾತು ನನ್ನನ್ನು ಬಿಡಲಿಲ್ಲ. ಜಸ್‌ದೇವ್ ಸಿಂಗರಿಗೆ ಪದ್ಮಭೂಷಣ ಬಂತು, 'ಮೈ ಜಸ್‌ದೇವ್ ಸಿಂಗ್ ಬೋಲ್ ರಹಾ ಹೂಂ' ಅಂತ ಆತ್ಮಕಥೆ ಬಂತು, ದನಿ ಎಲ್ಲೋ ಒಂದಷ್ಟು ಉಳಿದಿದೆ. ಮುತ್ಯಾನ ದನಿ ನಮ್ಮ ಹತ್ತಿರ ಒಂದು ನಿಮಿಷದ್ದೂ ಇಲ್ಲ. ಅಕ್ಕನ ಮದುವೆಯ ವಿಡಿಯೋದಲ್ಲಿ ಪಟಕಾ ಸುತ್ತಿಕೊಂಡು ಬೀಗರಿಗೆ ಏನೋ ಹೇಳುತ್ತಿದ್ದಾನೆ, ಕೈ ಎತ್ತಿದ್ದಾನೆ, ತುಟಿ ಅಲುಗುತ್ತಿದೆ. ವಿಡಿಯೋದವರು ಅದರ ಮೇಲೆ ಸಿನಿಮಾ ಹಾಡು ಹಾಕಿಬಿಟ್ಟಿದ್ದಾರೆ.

ಈಗ ನಮ್ಮ ಕಡೆ ರಾತ್ರಿ ಕಬಡ್ಡಿ ಪಂದ್ಯಗಳಲ್ಲಿ, ಜಾತ್ರೆಯ ಕುಸ್ತಿಯಲ್ಲಿ ಮೈಕ್ ಹಿಡಿಯುವ ಹುಡುಗರನ್ನು ಕೇಳಿದ್ದೀರಾ? ಕೆಲವರು ಬರೀ ಕಿರುಚುತ್ತಾರೆ, ದಾನಿಗಳ ಹೆಸರು ಓದುವುದರಲ್ಲೇ ಅರ್ಧ ಆಟ ಮುಗಿಯುತ್ತದೆ. ಆದರೆ ಹೋದ ವರ್ಷ ಜೇವರ್ಗಿ ಕಡೆಯ ಒಂದು ಊರಿನಲ್ಲಿ ಕರೆಂಟ್ ಹೋಗಿ, ಬ್ಯಾಟರಿಯ ಮೇಲೆ ಮೈಕ್ ಮಾತ್ರ ಉಳಿದಾಗ, ಒಬ್ಬ ಹುಡುಗ ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ನಡೆದ ಕೊನೆಯ ರೇಡನ್ನು ಹಿಂದೆ ನಿಂತವರಿಗೆ ಹೇಳಿದ. ನನಗೆ ಆಟಗಾರನ ಕಾಲು ಗೆರೆ ಮುಟ್ಟಿದ್ದು ಕಾಣಿಸಲಿಲ್ಲ, ಆದರೆ ಗೊತ್ತಾಯಿತು. ಅವನು ಜಸ್‌ದೇವ್ ಸಿಂಗರ ಹೆಸರನ್ನೇ ಕೇಳಿಲ್ಲ, ನಾನು ವಿಚಾರಿಸಿದೆ.

ಮೊನ್ನೆ ಜೇವರ್ಗಿಯ ಮಾಮಾಗೆ ಫೋನ್ ಮಾಡಿ, ಆ ಫೈನಲ್ಲನ್ನು ಮುತ್ಯಾ ಹೇಳಿದ ಹಾಗೆಯೇ ಒಮ್ಮೆ ಹೇಳಿ ಕಳಿಸ್ರಿ ಅಂದೆ. ಮಾಮಾ ರಿಟೈರ್ ಆದ ಮಾಸ್ತರು, ನಾಚಿಕೆ ಜಾಸ್ತಿ. ಎರಡು ದಿನ ಬಿಟ್ಟು ರಾತ್ರಿ ಹತ್ತಕ್ಕೆ ವಾಯ್ಸ್ ನೋಟ್ ಬಂತು, ಮೂರು ನಿಮಿಷ ನಲವತ್ತು ಸೆಕೆಂಡ್. ಮೊದಲು ಪಾಠ ಮಾಡುವ ದನಿ. ಅಶೋಕ್ ಕುಮಾರ್ ಹತ್ತಿರ ಚೆಂಡು ಬರುವ ಹೊತ್ತಿಗೆ ದನಿ ಬೇರೆಯಾಗಿದೆ, ದಪ್ಪ, ತಂಬಾಕಿನದು. ಚೆಂಡು ಕಂಬಕ್ಕೆ ಬಡಿದ ಮೇಲೆ ಒಂಬತ್ತು ಸೆಕೆಂಡ್ ಏನೂ ಇಲ್ಲ, ಫ್ಯಾನಿನ ಸಪ್ಪಳ ಮಾತ್ರ. ಹಿಂದಿನಿಂದ ಅತ್ತೆ "ಯಾರ್ ಜೋಡಿ ಜಗಳ ತಗದೀರಿ ಈಟೊತ್ತಿಗಿ?" ಅನ್ನುವುದು ಕೇಳಿಸುತ್ತದೆ.

ಅದನ್ನು ಅಫಜಲಪುರದ ಕಾಕಾಗೆ ಕಳಿಸಿದೆ. ಎರಡು ಗೆರೆ ನೀಲಿಯಾದವು. ಬಹಳ ಹೊತ್ತು ಉತ್ತರ ಬರಲಿಲ್ಲ. ಆಮೇಲೆ ಬಂತು:

"ಸುರ್ಜಿತನ ಗೋಲ್ ಬಿಟ್ಟಾನ ಮಾಸ್ತರ. ಮೊದಲಿಂದ ಮತ್ತೊಮ್ಮೆ ಹೇಳಂತ ಹೇಳು."