‘ನಿನಗೇನೂ ಆಗಿಲ್ಲ’ ಎನ್ನುವ ಮುನ್ನ

ಎದೆ ಬಿಗಿತ, ಕತ್ತುನೋವು, ನಿದ್ರಾಹೀನತೆ – ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿದು ಬೇಗೂರಿನ ಮನೆಗೆ ಮರಳುವ ಅನೇಕರ ದೂರು ಇದು. ಇ.ಸಿ.ಜಿ., ರಕ್ತಪರೀಕ್ಷೆ ಸರಿಯಿದ್ದರೆ ಮನೆಯವರು ‘ನಿನಗೇನೂ ಆಗಿಲ್ಲ, ಸುಮ್ಮನೆ ಯೋಚಿಸಬೇಡ’ ಎಂದುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ಸಮಾಧಾನವಲ್ಲ, ಬಾಯಿ ಮುಚ್ಚಿಸುವ ಮಾತು.

ಫ್ರಿಟ್ಸ್ ಪರ್ಲ್ಸ್ ಮತ್ತು ಸಂಗಡಿಗರು 1951ರಲ್ಲಿ ಪುಸ್ತಕರೂಪದಲ್ಲಿ ಮಂಡಿಸಿದ ‘ಗೆಸ್ಟಾಲ್ಟ್’ ಮನೋಚಿಕಿತ್ಸೆಯ ದಾರಿ ಬೇರೆ. ‘ಯಾಕೆ ಹೀಗಾಯಿತು?’ ಎಂದು ಕೆದಕುವುದಕ್ಕಿಂತ ‘ಈ ಕ್ಷಣ ನಿಮಗೇನಾಗುತ್ತಿದೆ?’ ಎಂದು ಚಿಕಿತ್ಸಕರು ಕೇಳುತ್ತಾರೆ. ಮೇಲಧಿಕಾರಿಯ ಮಾತು ಹೇಳುವಾಗ ಮುಷ್ಟಿ ಬಿಗಿಯಾಯಿತೇ? ಉಸಿರು ಹಿಡಿದಿರಾ? ಅದನ್ನು ಗಮನಿಸುತ್ತ ಹೋದಂತೆ ನುಂಗಿಕೊಂಡ ಕೋಪವೋ ದುಃಖವೋ ಗುರುತಿಗೆ ಸಿಗುತ್ತದೆ. ಗುರುತು ಸಿಕ್ಕಿದ್ದನ್ನು ಬಾಯಿಬಿಟ್ಟು ಹೇಳಬಹುದು, ಮುಂದೇನೆಂದು ತೀರ್ಮಾನಿಸಬಹುದು.

ಇದು ಔಷಧಿಗೆ ಬದಲಿಯಲ್ಲ. ತರಬೇತಿ ಪಡೆದವರೇ ನೀಡಬೇಕಾದ ಚಿಕಿತ್ಸೆ. ಎದೆನೋವಿಗಂತೂ ಮೊದಲು ಹೃದಯದ ತಪಾಸಣೆಯೇ ಆಗಬೇಕು.

ಆದರೆ ಮನೆಯವರು ಮಾಡಬಹುದಾದದ್ದೂ ಇದೆ. ಮೊಬೈಲ್ ಬದಿಗಿಟ್ಟು, ಪಕ್ಕದಲ್ಲಿ ಕುಳಿತು, ‘ಈಗ ಹೇಗನ್ನಿಸುತ್ತಿದೆ?’ ಎಂದು ಕೇಳಿ. ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ, ಬುದ್ಧಿವಾದ ಬೇಡ. ಸಂಕಟ ತಗ್ಗದಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಕರೆದೊಯ್ಯಿರಿ, ಇಲ್ಲವೇ ‘ಟೆಲಿ ಮಾನಸ್’ನ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ. ಕನ್ನಡದಲ್ಲೇ ಮಾತನಾಡಬಹುದು.