ಗುಗ್ಗುಳದ ಗಿಡಕ್ಕೆ ಬಿದ್ದ ಏಟು

ಉತ್ತರ ಕರ್ನಾಟಕದಲ್ಲಿ ವೀರಭದ್ರ ಮನೆದೇವರಾದವರ ಮದುವೆಯೆಂದರೆ ಗುಗ್ಗಳದ ಮೆರವಣಿಗೆ ಹೊರಡಬೇಕು. ಪುರವಂತರ ಒಡಪು, ಸಮಾಳದ ಸದ್ದು, ಕೊಡದ ಬೆಂಕಿಯಿಂದ ಏಳುವ ಹೊಗೆ. ಆ ಹೊಗೆಗೆ ಹೆಸರು ಕೊಟ್ಟ ಗಿಡವನ್ನು ಕಂಡವರು ಮಾತ್ರ ನಮ್ಮಲ್ಲಿ ಕಡಿಮೆ. ಅದರ ಮುಖ್ಯ ನೆಲೆ ಕಚ್ಛ್, ರಾಜಸ್ಥಾನ, ಗಡಿಯಾಚೆಯ ಸಿಂಧ್‌ನ ಕಲ್ಲುಗುಡ್ಡಗಳು.

ಮರವೆನ್ನಲೂ ಸಂಕೋಚವಾಗುವಷ್ಟು ಕುಳ್ಳು. ಹೆಚ್ಚೆಂದರೆ ಮೂರ್ನಾಲ್ಕು ಮೀಟರ್. ಗಂಟುಗಂಟಾದ ಕೊಂಬೆ, ತುದಿಯಲ್ಲಿ ಮುಳ್ಳು. ಮಳೆ ಬಿದ್ದಾಗ ಚಿಗುರಿ, ನೆಲ ಒಣಗಿದ ಮೇಲೆ ಎಲೆ ಉದುರಿಸಿ ತಿಂಗಳುಗಟ್ಟಲೆ ಬೋಳಾಗಿ ನಿಲ್ಲುತ್ತದೆ. ಬೂದಿಬಣ್ಣದ ತೊಗಟೆ ಹಳೇ ಪಂಚಾಂಗದ ಹಾಳೆಯಂತೆ ಸುಲಿದು ಬರುತ್ತದೆ. ಶಾಸ್ತ್ರೀಯ ಹೆಸರು ಕೊಮಿಫೋರಾ ವೈಟಿಯೈ. ಬೈಬಲಿನ ಜ್ಞಾನಿಗಳು ಶಿಶು ಯೇಸುವಿಗೆ ಕಾಣಿಕೆ ತಂದ ಧೂಪ, ರಕ್ತಬೋಳಗಳ ಗಿಡಗಳೂ ಇದೇ ವಂಶದವು. ರಕ್ತಬೋಳವಂತೂ ಇದರ ಒಡಹುಟ್ಟು.

ಈಗ ಅಂಟಿನ ಮಾತು. ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಕಂದು ಉಂಡೆಯನ್ನು ಬೆರಳಲ್ಲಿ ಹಿಸುಕಿ ನೋಡಿ: ಮೆತ್ತಗೆ ಅಂಟುತ್ತದೆ, ಒಳಗೆ ತೊಗಟೆಯ ಚೂರು, ಒಮ್ಮೊಮ್ಮೆ ಮರಳು. ನೀರಲ್ಲಿ ಅರೆದರೆ ಹಾಲಿನಂತಾಗುತ್ತದೆ. (ಅಗ್ಗಕ್ಕೆ ಕೊಟ್ಟರೆ ಅನುಮಾನಿಸಿ, ಬೇರೆ ಮರದ ಅಂಟು ಬೆರೆಸುವುದು ಹಳೇ ಚಾಳಿ.) ಗಿಡದ ಮಟ್ಟಿಗೆ ಈ ಅಂಟು ಗಾಯದ ಪಟ್ಟಿ. ತೊಗಟೆಯೊಳಗಿನ ಸಣ್ಣ ನಾಳಗಳಲ್ಲಿ ಇರುವ ಈ ರಸ, ಕೊಯ್ದಾಗ ಹೊರಬಂದು ಗಟ್ಟಿಯಾಗಿ ಗಾಯ ಮುಚ್ಚುತ್ತದೆ. ಚಳಿಗಾಲದಿಂದ ಬೇಸಿಗೆಯವರೆಗೆ ತೊಗಟೆಯಷ್ಟನ್ನೇ ಹದವಾಗಿ ಕೊಯ್ದರೆ ಗಿಡ ಬದುಕಿಕೊಳ್ಳುತ್ತದೆ. ಏಟು ಆಳಕ್ಕಿಳಿದು ಕಟ್ಟಿಗೆ ಮುಟ್ಟಿತೋ, ಗಾಯ ಮಾಯುವುದಿಲ್ಲ, ರೋಗ ಹೊಗುತ್ತದೆ. ಒಂದು ಗಿಡ ಹಂಗಾಮಿಗೆ ಕೊಡುವುದು ಕೆಲವು ನೂರು ಗ್ರಾಂ ಅಂಟು. ಇನ್ನಷ್ಟು ಬೇಕೆಂದವನು ಆಳಕ್ಕೇ ಕೊಯ್ಯುತ್ತಾನೆ. ಗಿಡ ಕೊನೆಯ ಬಾರಿ ಧಾರಾಳವಾಗಿ ಸುರಿದು ಒಣಗುತ್ತದೆ.

ಸತ್ತ ಗಿಡದ ಜಾಗಕ್ಕೆ ಮರಿ ಬರಬೇಕಲ್ಲ? ಅಲ್ಲೇ ವಿಚಿತ್ರವಿರುವುದು. ಗುಗ್ಗುಳದಲ್ಲಿ ಗಂಡು ಗಿಡ ಅಪರೂಪ. ಹೆಣ್ಣು ಗಿಡ ಪರಾಗದ ಹಂಗಿಲ್ಲದೆ ಬೀಜ ಕಟ್ಟುತ್ತದೆ. ಹುಟ್ಟಿದ ಸಸಿ ತಾಯಿಯದೇ ಪಡಿಯಚ್ಚು. ಹೊಸ ರೋಗ ಬಂದರೆ ತಡೆದುಕೊಳ್ಳುವ ವೈವಿಧ್ಯ ಅಷ್ಟಕ್ಕಷ್ಟೆ. ಬೀಜ ಮೊಳೆಯುವುದೂ ಕಡಿಮೆ. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಈ ಗಿಡ ಅಳಿವಿನ ಅತಿ ಗಂಡಾಂತರದ ದರ್ಜೆಯಲ್ಲಿದೆ.

ಬೇಡಿಕೆಯೆಲ್ಲ ಧೂಪದಿಂದ ಬಂದದ್ದಲ್ಲ. ಯೋಗರಾಜ ಗುಗ್ಗುಳು, ತ್ರಿಫಲಾ ಗುಗ್ಗುಳು ಎಂಬ ಆಯುರ್ವೇದದ ಗುಳಿಗೆಗಳು ನಮ್ಮ ಎಷ್ಟೋ ಮನೆಗಳಲ್ಲಿವೆ. 1966ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಿ.ವಿ. ಸತ್ಯವತಿ ಸುಶ್ರುತ ಸಂಹಿತೆಯ ಜಾಡು ಹಿಡಿದು ಮೊಲಗಳ ಮೇಲೆ ಗುಗ್ಗುಳ ಪ್ರಯೋಗಿಸಿದರು. ಕೊಬ್ಬು ಇಳಿದದ್ದು ಕಂಡಿತು. ಅಲ್ಲಿಂದ ಅದು ಕೊಲೆಸ್ಟ್ರಾಲ್ ಮದ್ದೂ ಆಯಿತು. ಆದರೆ 2003ರಲ್ಲಿ ಅಮೆರಿಕದಲ್ಲಿ 103 ಜನರಿಗೆ ಎಂಟು ವಾರ ನಡೆಸಿದ ಪರೀಕ್ಷೆಯಲ್ಲಿ ಗುಗ್ಗುಳ ಸೇವಿಸಿದವರ ಕೆಟ್ಟ ಕೊಲೆಸ್ಟ್ರಾಲ್ ಇಳಿಯುವ ಬದಲು ತುಸು ಏರಿತು, ಕೆಲವರಿಗೆ ಮೈಮೇಲೆ ದದ್ದು ಎದ್ದವು. ಆ ಒಂದೇ ಪರೀಕ್ಷೆಯಿಂದ ಆಯುರ್ವೇದದ ಬಳಕೆಯೆಲ್ಲ ಸುಳ್ಳಾಗುವುದಿಲ್ಲ. ವೈದ್ಯರನ್ನು ಕೇಳದೆ ಕೊಲೆಸ್ಟ್ರಾಲಿಗೆಂದು ಡಬ್ಬಿಗಟ್ಟಲೆ ನುಂಗಲು ಕಾರಣವೂ ಉಳಿಯುವುದಿಲ್ಲ.

ಅಂಟು ಇಳಿಸುವವನ ಮೇಲೆ ಗೂಬೆ ಕೂರಿಸುವುದು ಸುಲಭ. ಆದರೆ ಗಿಡ ನಿಂತಿರುವುದು ಊರೊಟ್ಟಿನ ಬೀಳುನೆಲದಲ್ಲಿ. ತಾನು ಬಿಟ್ಟರೆ ನಾಳೆ ಇನ್ನೊಬ್ಬ ಕೊಯ್ಯುತ್ತಾನೆಂಬುದು ಅವನಿಗೆ ಗೊತ್ತು. ಗುಗ್ಗುಳದ ಕಡ್ಡಿ ನೆಟ್ಟರೆ ಸಲೀಸಾಗಿ ಬೇರು ಬಿಡುತ್ತದೆ, ಹಾಗಾಗಿ ಬೆಳೆಸುವುದು ದೊಡ್ಡ ವಿದ್ಯೆಯಲ್ಲ. ಕಷ್ಟವಿರುವುದು ಕಾಯುವುದರಲ್ಲಿ: ನೆಟ್ಟ ಗಿಡ ಕೊಯ್ಲಿಗೆ ಬರಲು ಎಂಟು-ಹತ್ತು ವರ್ಷ. ಒಣಭೂಮಿಯ ಬಡ ರೈತ ಅಷ್ಟು ಕಾಲ ಬರಿಗೈಲಿ ಕೂರಲಾರ. ಗುಳಿಗೆ ಮಾರಿ ಲಾಭ ಎಣಿಸುವ ಕಂಪನಿಗಳು ನೆಡುವ ದಿನವೇ ಖರೀದಿ ಕರಾರು ಬರೆದು, ಮುಂಗಡ ಹಣ ಕೊಟ್ಟು, ಆ ಎಂಟು-ಹತ್ತು ವರ್ಷದ ಭಾರ ಹೊರಬೇಕು. ಹಾಗೆ ಬೆಳೆಸಿದ ಅಂಟಿಗಷ್ಟೇ ಸರ್ಕಾರ ಅವಕ್ಕೆ ಪರವಾನಗಿ ಕೊಡಲಿ.