ಸೂಟಿಗೆ ಯಾವ ಊರು?



ನಿಮ್ಮಲ್ಲಿ ಕೆಲವರ ಕೊನೆಯ ಪೇಪರು ಮುಗಿದಿರಬಹುದು, ಕೆಲವರಿಗೆ ಇನ್ನೊಂದು ಪ್ರ್ಯಾಕ್ಟಿಕಲ್ ಉಳಿದಿರಬಹುದು. ಪುಣೆಯ ಹಾಸ್ಟೆಲುಗಳಲ್ಲಿ ಈಗ ಹಾಸಿಗೆ ಸುತ್ತುವುದು, ಮೆಸ್ಸಿನ ಲೆಕ್ಕ ಚುಕ್ತಾ ಮಾಡುವುದು, ಬಕೆಟ್ಟು ಯಾರಿಗೆ ಕೊಡುವುದೆಂಬ ಚರ್ಚೆ ನಡೆದಿರುತ್ತದೆ. ಬಿ.ಎ.ಯಲ್ಲಿ ನಮಗೆ ಹಾರ್ಡಿಯ ‘ದಿ ರಿಟರ್ನ್ ಆಫ್ ದಿ ನೇಟಿವ್’ ಇತ್ತು. ಅದರ ನಾಯಕ ಊರಿಗೆ ಮರಳಿದ್ದು ಪ್ಯಾರಿಸ್ಸಿನಿಂದ. ನೀವು ಸ್ವಾರಗೇಟಿನಲ್ಲಿ ಎಸ್‌ಟಿ ಬಸ್ಸು ಹತ್ತಿ, ಸುಮಾರು 140 ಕಿಲೋಮೀಟರು ದಾಟಿ, ಎರಡು ಚೀಲ ಒಗೆಯದ ಬಟ್ಟೆಯೊಡನೆ ಇಂದಾಪುರದಲ್ಲಿ ಇಳಿದರೂ ತಾಯಂದಿರಿಗೆ ಅಷ್ಟೇ ಸಂಭ್ರಮ.

ಆದರೆ ಈ ಸಲ ಇಂದಾಪುರದಲ್ಲೇ ಸೂಟಿ ಮುಗಿಸಬೇಡಿ. ನಿಮ್ಮ ತಂದೆ-ತಾಯಿ ‘ಊರು’ ಎನ್ನುವುದು ವಿಜಯಪುರ, ಕಲಬುರಗಿ ಕಡೆಯ ಯಾವುದೋ ಹಳ್ಳಿಯನ್ನು. ಅಲ್ಲಿ ಅಜ್ಜಿ ಇದ್ದಾಳೆ. ಇಂಟರ್ನ್‌ಶಿಪ್ಪು, ಕ್ಲಾಸು ಎಂದು ನೀವು ಎರಡು ದಿನ ಮುಖ ತೋರಿಸಿ ಬರುತ್ತೀರಿ. ಆಕೆ “ಉಂಡೆಯೇನಪಾ?” ಎಂದು ಕೇಳುತ್ತಾಳೆ, ನೀವು “ಹೂಂ” ಅನ್ನುತ್ತೀರಿ. ಮುಂದಿನ ಪ್ರಶ್ನೆಗಳನ್ನೆಲ್ಲ ಆಕೆ ನಿಮ್ಮೆದುರಿಗೇ ನಿಮ್ಮ ತಾಯಿಗೆ ಕೇಳುತ್ತಾಳೆ.

ಕನ್ನಡ ನಿಮಗೆ ತಿಳಿಯುತ್ತದೆ, ನಾಲಗೆಗೆ ಬರುವುದಿಲ್ಲ. ಅದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ಮರಾಠಿ ಶಾಲೆಯಲ್ಲಿ ಕಲಿತ ಕ-ಖ-ಗ-ಘ ಸಾಲೇ ಇಲ್ಲಿಯೂ ಇದೆ, ‘ಳ’ ಕೂಡ ಇದೆ. ತೊಡಕಿರುವುದು ಎ, ಒಗಳಲ್ಲಿ. ದೇವನಾಗರಿಯಲ್ಲಿ ಅವು ಒಂದೊಂದೇ, ನಮ್ಮಲ್ಲಿ ಹ್ರಸ್ವ ಬೇರೆ, ದೀರ್ಘ ಬೇರೆ. ನಮ್ಮ ಪರಿಚಯದ ಹುಡುಗನೊಬ್ಬ ಸೋದರಮಾವನಿಗೆ ಬಹಳ ಅಕ್ಕರೆಯಿಂದ, “ಮಾಮಾ, ಈ ವರ್ಷ ಬೇಳೆ ಹ್ಯಾಂಗದ?” ಎಂದು ಕೇಳಿದ. ಕೇಳಬೇಕಾಗಿದ್ದು ಹೊಲದ ಬೆಳೆ. “ಅಡಿಗಿ ಮನ್ಯಾಗ ಹೋಗಿ ನೋಡಪಾ” ಎಂದ ಮಾವ. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ಹುಡುಗ ಮರಳಿ ಬರುವವರೆಗೂ ಕನ್ನಡದಲ್ಲಿ ಬಾಯಿ ಬಿಡಲಿಲ್ಲ. ಇದರಲ್ಲಿ ಹುಡುಗನ ತಪ್ಪು ಕೂದಲೆಳೆಯಷ್ಟು, ದೊಡ್ಡವರದು ದೊಡ್ಡದು. (ಈ ಪುಟವನ್ನು ಹಿರಿಯರೂ ಓದುತ್ತಾರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.) ನೀವು ಮಾತ್ರ ನಕ್ಕವರ ಜೊತೆ ನಕ್ಕು, ಎರಡನೆಯ ಪ್ರಶ್ನೆ ಕೇಳಿಬಿಡಿ.

ಏನು ಕೇಳುವುದು ಎನ್ನುತ್ತೀರಾ? ನಮ್ಮ ತಾಲ್ಲೂಕಿನ ನರಸಿಂಗಪುರದಲ್ಲಿ ನೀರಾ ನದಿ ಭೀಮೆಯನ್ನು ಸೇರುತ್ತದೆ. ಅಲ್ಲಿಯ ಲಕ್ಷ್ಮೀನರಸಿಂಹ ಆ ಕಡೆಯ ಎಷ್ಟೋ ಕನ್ನಡ ಮನೆತನಗಳ ಕುಲದೇವರು. ಮೊದಲು ಅಲ್ಲಿಗೆ ಹೇಗೆ ಬರುತ್ತಿದ್ದರು, ದಾರಿಯಲ್ಲಿ ಎಲ್ಲಿ ವಸ್ತಿ ಮಾಡುತ್ತಿದ್ದರು, ಬುತ್ತಿ ಏನಿರುತ್ತಿತ್ತು, ಅಜ್ಜಿಯನ್ನು ಕೇಳಿ. 1980ರಲ್ಲಿ ಉಜನಿ ಅಣೆಕಟ್ಟು ಮುಗಿಯಿತು. ಅದರ ಹಿನ್ನೀರಿನಲ್ಲಿ ಮುಳುಗಿದ ಪಳಸದೇವದ ಗುಡಿ, ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಮೇಲೆ ಕಾಣಿಸಿಕೊಂಡಾಗ ನೀವು ಹೋಗಿ ಫೋಟೋ ತೆಗೆಯುತ್ತೀರಲ್ಲ, ಅದನ್ನು ಆಕೆಗೆ ತೋರಿಸಿ. ಆಕೆಯ ಊರಿನ ಹೊಳೆಯೂ ಇದೇ ಭೀಮೆ. ಪಂಢರಪುರ ದಾಟಿ, ಗಾಣಗಾಪುರದ ಬದಿಯಿಂದ ಹರಿದು ಕೃಷ್ಣೆಗೆ ಸೇರುವವರೆಗೂ ಅದೇ ನೀರು. ಮಾತು ಒಮ್ಮೆ ಹತ್ತಿದರೆ ನಿಮ್ಮ ಕೆಲಸ ಕೇಳುವುದಷ್ಟೇ. ಫೋನಿನಲ್ಲಿ ಧ್ವನಿ ಹಿಡಿದಿಟ್ಟುಕೊಳ್ಳಿ. ಎಂಬತ್ತು ದಾಟಿದವರ ನೆನಪು ಮುಂದಿನ ಸೂಟಿಯವರೆಗೆ ಹೀಗೇ ಇರುತ್ತದೆಂದು ಯಾರೂ ಹೇಳಲಾರರು.

ಸೊಲ್ಲಾಪುರದಲ್ಲಿ ಬಸ್ಸು ಬದಲಿಸಿದರೆ ಆಯಿತು. ಹೊರಡುವ ಮೊದಲು ಎಷ್ಟು ದಿನ ಇರುತ್ತೀರೆಂದು ಅಜ್ಜಿಗೆ ನೀವೇ ಫೋನ್ ಮಾಡಿ ಹೇಳಿ, ಅಮ್ಮನ ಕೈಗೆ ಕೊಡಬೇಡಿ. ಶೇಂಗಾ ಹೋಳಿಗೆ ಎಷ್ಟು ಮಾಡಬೇಕೆಂದು ಆಕೆ ಲೆಕ್ಕ ಹಾಕಬೇಕಾಗುತ್ತದೆ.